ಫ್ರಂಟ್ ಲೋಡ್ ಮೆಷಿನ್ ಬಾಗಿಲು ತೆರೆಯುತ್ತಿಲ್ಲ, ಒಳಗೆ ನೀರು ನಿಂತಿದೆ, ಬೆಳಿಗ್ಗೆಗೆ ಬಟ್ಟೆ ಬೇಕು

ವಿದ್ಯಾನಗರದ ಸೊಸೆ, ಸಂಜೆ 6:52

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ನಮ್ಮದು ಏಳು ಕೆ.ಜಿ.ಯ ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ತಂದು ಐದು ವರ್ಷವಾಯಿತು. ಮಧ್ಯಾಹ್ನ ಮೂರಕ್ಕೆ ಬಟ್ಟೆ ಹಾಕಿದೆ. ಅರ್ಧ ತೊಳೆದಿರಬೇಕು, ಕರೆಂಟು ಹೋಯಿತು. ನಾಲ್ಕೂವರೆಗೆ ಬಂದಾಗ ಮೆಷಿನ್ ತಾನಾಗಿಯೇ ಮುಂದುವರಿಯಿತು. ಸ್ವಲ್ಪ ಹೊತ್ತು ಗುರ್ ಎಂದು ಒದ್ದಾಡಿ, ಆಮೇಲೆ ಕುಂಯ್ ಕುಂಯ್ ಎಂದು ಕೂಗಿ ನಿಂತಿತು. ದೀಪಗಳು ಮಿಣುಕುತ್ತಿವೆ. ಗಾಜಿನಲ್ಲಿ ನೋಡಿದರೆ ಕಾಲು ಭಾಗ ನೀರು. ಬಾಗಿಲು ಎಳೆದರೆ ಅಲ್ಲಾಡುವುದೂ ಇಲ್ಲ.

ನಾಳೆ ಹರಿಹರದಲ್ಲಿ ನಾದಿನಿಯ ಮನೆಯ ಗೃಹಪ್ರವೇಶ. ಮಾವನವರ ಬಿಳಿ ಪಂಚೆ, ಜುಬ್ಬಾ, ನನ್ನ ಎರಡು ಕಾಟನ್ ಸೀರೆ, ಮಗನ ಶಾಲೆಯ ಸಮವಸ್ತ್ರ ಎಲ್ಲವೂ ಅದರೊಳಗಿವೆ. ಗ್ರಾಹಕ ಸೇವೆಗೆ ಕರೆ ಮಾಡಿದರೆ ನಾಡಿದ್ದು ಬರುತ್ತಾರಂತೆ. ನಮ್ಮ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಪಕ್ಕದಲ್ಲೇ ನಿಂತಿದ್ದಾರೆ. ಏನು ಮಾಡಲಿ?

ಮಂಡಕ್ಕಿ ಪ್ರಿಯ, 6:55

ಮೊದಲು ಯಜಮಾನರ ಕೈಯಿಂದ ಸ್ಕ್ರೂಡ್ರೈವರ್ ತೆಗೆದಿಡಿ. ಉಳಿದದ್ದು ಆಮೇಲೆ.

ಹದಡಿ ರಸ್ತೆ, 6:58

ಯಾಕೆ ಸುಮ್ಮನೆ ಹೆದರಿಸುತ್ತೀರಿ? ನಮ್ಮ ಮನೆಯಲ್ಲಿಯೂ ಹೀಗೇ ಆಗಿತ್ತು. ಬಾಗಿಲಿನ ಸಂದಿಗೆ ಚಪ್ಪಟೆ ಸ್ಕ್ರೂಡ್ರೈವರ್ ತೂರಿಸಿ ಒಂದೇ ಸಲ ಮೀಟಿದೆ, ಟಕ್ ಎಂದು ಬಂತು. ಐದು ನಿಮಿಷದ ಕೆಲಸ.

ದುರ್ಗದ ಕಲ್ಲು, 7:01

ಟಕ್ ಎಂದು ಬಂದದ್ದು ಬಾಗಿಲೋ, ಬಾಗಿಲಿನ ಕೊಕ್ಕೆಯೋ?

ಹದಡಿ ರಸ್ತೆ, 7:03

ಕೊಕ್ಕೆಯೂ ಬಂತು ಎನ್ನಿ. ಆಮೇಲೆ ಬೀಗ, ಹಿಡಿ ಎರಡನ್ನೂ ಬದಲಾಯಿಸಬೇಕಾಯಿತು. 2,300 ರೂಪಾಯಿ.

ಮಂಡಕ್ಕಿ ಪ್ರಿಯ, 7:04

ಐದು ನಿಮಿಷಕ್ಕೆ 2,300 ರೂಪಾಯಿ. ವಕೀಲರೂ ಇಷ್ಟು ದುಬಾರಿಯಲ್ಲ.

ಎರಡು ಮಕ್ಕಳ ತಾಯಿ, 7:06

ಅಕ್ಕಾ, ಚೈಲ್ಡ್ ಲಾಕ್ ಬಿದ್ದಿದೆಯೇ ನೋಡಿದಿರಾ? ನನ್ನ ಮಗಳು ಗುಂಡಿಗಳ ಮೇಲೆಲ್ಲ ಬೆರಳಾಡಿಸಿ ಒಮ್ಮೆ ಹಾಕಿಬಿಟ್ಟಿದ್ದಳು, ನಾನು ಒಂದು ಗಂಟೆ ಪರದಾಡಿದ್ದೆ. ಬೀಗದ ಇಲ್ಲವೇ ಮಗುವಿನ ಮುಖದ ಚಿಹ್ನೆ ಉರಿಯುತ್ತಿದ್ದರೆ ಅದೇ. ಅದಕ್ಕೆಂದು ಗುರುತು ಮಾಡಿದ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಹೋಗುತ್ತದೆ.

ವಿದ್ಯಾನಗರದ ಸೊಸೆ, 7:09

ನೋಡಿದೆ, ಮಗುವಿನ ಚಿಹ್ನೆ ಉರಿಯುತ್ತಿಲ್ಲ. ಸ್ಕ್ರೂಡ್ರೈವರ್ ನನ್ನ ಬಳಿ ಇದೆ. ಯಜಮಾನರು ಈಗ ಅಡುಗೆಮನೆಯಲ್ಲಿ ಚಾಕು ಹುಡುಕುತ್ತಿದ್ದಾರೆ.

ಪಾನಾ ಪಕ್ಕಡ್, 7:15

ತಂಗೀ, ಚಾಕುವನ್ನೂ ಕಸಿದುಕೊಳ್ಳಿ. ನಾನು ಮೆಷಿನ್ ರಿಪೇರಿ ಮಾಡುವವನು, ಇದೇ ಊರು. ದಿನಕ್ಕೊಂದಾದರೂ ಇಂಥ ಕರೆ ಬರುತ್ತದೆ, ಕರೆಂಟು ಹೋಗಿಬರುವ ದಿನ ಮೂರು ನಾಲ್ಕು. ಹತ್ತರಲ್ಲಿ ಎಂಟು ಮನೆಯಲ್ಲಿ ಬಾಗಿಲು ಕೆಟ್ಟಿರುವುದೇ ಇಲ್ಲ. ನೀರು ಇಳಿದಿರುವುದಿಲ್ಲ, ಅಷ್ಟೇ.

ಒಳಗೆ ನೀರು ಎಷ್ಟಿದೆ ಎಂದು ಅಳೆಯಲು ಮೆಷಿನ್ನಿನಲ್ಲಿ ಒಂದು ಒತ್ತಡದ ಸ್ವಿಚ್ ಇರುತ್ತದೆ. ಡ್ರಮ್ಮಿನ ತಳದಿಂದ ಅದಕ್ಕೊಂದು ಸಣ್ಣ ರಬ್ಬರ್ ನಳಿಕೆ ಹೋಗುತ್ತದೆ. ನೀರು ಇದೆ ಎಂದು ಅದು ಹೇಳುತ್ತಿರುವವರೆಗೂ ಬೋರ್ಡು ಬೀಗ ಬಿಡುವುದಿಲ್ಲ. ಬಿಟ್ಟರೆ ಏನಾಗುತ್ತದೆ ಯೋಚಿಸಿ, ಸೋಪಿನ ನೀರು ಬಕೆಟ್ಟುಗಟ್ಟಲೆ ನಿಮ್ಮ ಕಾಲ ಮೇಲೆ, ಅಲ್ಲೇ ಪಕ್ಕದಲ್ಲಿ ಪ್ಲಗ್ಗು.

ನಿಮ್ಮ ಮೆಷಿನ್ ಗುರ್ ಎಂದು ಒದ್ದಾಡಿ ನಿಂತಿತು ಎಂದಿರಿ. ಅದು ಪಂಪು. ನೀರು ಹೊರಹಾಕಲು ನೋಡಿದೆ, ಆಗಿಲ್ಲ, ಕೈಚೆಲ್ಲಿದೆ. ಪರದೆ ಇರುವ ಮಾದರಿಗಳಲ್ಲಿ ಇದಕ್ಕೆ ಒಂದೊಂದು ಕಂಪನಿ ಒಂದೊಂದು ಸಂಕೇತ ಇಟ್ಟಿರುತ್ತದೆ. ಎಲ್‌ಜಿಯಲ್ಲಿ ‘ಓಇ’, ಬಾಷ್‌ನಲ್ಲಿ ‘ಇ18’. ಅರ್ಥ ಒಂದೇ, ನೀರು ಹೋಗಲಿಲ್ಲ. ನಿಮ್ಮದರಲ್ಲಿ ಪರದೆ ಇಲ್ಲ, ದೀಪ ಮಿಣುಕಿಸುತ್ತಿದೆ.

ಈಗ ನಾನು ಹೇಳಿದ ಕ್ರಮದಲ್ಲೇ ಮಾಡಿ. ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಹತ್ತು ನಿಮಿಷ ಹಾಗೇ ಬಿಡಿ. ಮತ್ತೆ ಹಾಕಿ, ‘ಸ್ಪಿನ್’ ಇಲ್ಲವೇ ‘ಡ್ರೈನ್’ ಮಾತ್ರ ಆರಿಸಿ ನಡೆಸಿ. ನೀರು ಹೋದರೆ ಬಾಗಿಲು ತಾನೇ ಬಿಡುತ್ತದೆ. ಹೋಗದಿದ್ದರೆ ಮತ್ತೆ ಪ್ಲಗ್ ಕಿತ್ತು ಇಲ್ಲಿ ಬರೆಯಿರಿ, ಮುಂದಿನದು ಹೇಳುತ್ತೇನೆ. ಎಳೆಯಬೇಡಿ, ಮೀಟಬೇಡಿ, ಗುದ್ದಬೇಡಿ.

ಹದಡಿ ರಸ್ತೆ, 7:18

ಪ್ಲಗ್ ಕಿತ್ತು ಹತ್ತು ನಿಮಿಷ ಕಾಯುವುದು ಹಾಲಿನ ಪಾತ್ರೆ ಎದುರು ಕುಳಿತ ಹಾಗೆ. ಅದರಿಂದ ಏನು ಉಪಯೋಗ? ಕಂಪ್ಯೂಟರ್ ಆರಿಸಿ ಹಾಕುವವರ ಮಂತ್ರ ಇದು.

ನಿವೃತ್ತ ಮೇಷ್ಟ್ರು, 7:27

ಮಂತ್ರವಲ್ಲ ಸ್ವಾಮಿ, ವಿಜ್ಞಾನ. ಬಹುಪಾಲು ಮೆಷಿನ್ನುಗಳ ಬಾಗಿಲ ಬೀಗದೊಳಗೆ ಕಾಯುವ ಒಂದು ಸಣ್ಣ ಬಿಲ್ಲೆ, ಅದಕ್ಕೆ ತಾಗಿದಂತೆ ಎರಡು ಲೋಹ ಬೆಸೆದ ಪಟ್ಟಿ ಇರುತ್ತದೆ. ಕರೆಂಟು ಹರಿದಾಗ ಬಿಲ್ಲೆ ಕಾಯುತ್ತದೆ, ಪಟ್ಟಿ ಬಾಗಿ ಒಂದು ಮೊಳೆಯನ್ನು ಕೊಕ್ಕೆಯ ದಾರಿಗೆ ಅಡ್ಡ ತಳ್ಳುತ್ತದೆ. ಎರಡು ಲೋಹಗಳು ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ ಈ ಬಾಗು. ನಿಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ತನ್ನಷ್ಟಕ್ಕೆ ಆರಿ ಹೊತ್ತುವುದೂ ಇದೇ ಪಟ್ಟಿಯಿಂದ. ಕರೆಂಟು ನಿಂತ ಮೇಲೆ ಬಿಲ್ಲೆ ತಣ್ಣಗಾಗಲು ಒಂದೆರಡು ನಿಮಿಷ ಬೇಕು, ಪಟ್ಟಿ ನೆಟ್ಟಗಾಗಬೇಕು, ಆಗ ಮೊಳೆ ಹಿಂದೆ ಸರಿಯುತ್ತದೆ. ತೊಳೆದು ಮುಗಿದ ಮೇಲೂ ಬಾಗಿಲು ತಕ್ಷಣ ಬಿಡದೆ ಸ್ವಲ್ಪ ಹೊತ್ತಿಗೆ ‘ಟಿಕ್’ ಎನ್ನುವುದು ಇದಕ್ಕೇ. ಆ ಟಿಕ್‌ಗೆ ಕಾಯದೆ ಹಿಡಿ ಎಳೆದು ಮುರಿದುಕೊಳ್ಳುವವರೇ ಹೆಚ್ಚು.

ಎಂಟನೆಯ ತರಗತಿಗೆ ಈ ಪಟ್ಟಿಯನ್ನು ಮೇಣದಬತ್ತಿ ಹಿಡಿದು ತೋರಿಸುತ್ತಿದ್ದೆ. ಹಿಂದಿನ ಬೆಂಚಿನವರು ಮೇಣವನ್ನಷ್ಟೇ ನೋಡುತ್ತಿದ್ದರು.

ಹದಡಿ ರಸ್ತೆ, 7:29

ಮೇಷ್ಟ್ರೇ, ನಾನು ಹಿಂದಿನ ಬೆಂಚೇ.

ಪಾನಾ ಪಕ್ಕಡ್, 7:33

ಮೇಷ್ಟ್ರು ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಎಲ್ಲ ಬೀಗವೂ ಆ ಬಗೆಯದಲ್ಲ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಅಯಸ್ಕಾಂತದ ಸುರುಳಿ ಇರುವ ಬೀಗ. ಬೋರ್ಡಿನಿಂದ ಒಂದು ಏಟು ಕರೆಂಟು ಬಂದರೆ ಮುಚ್ಚುತ್ತದೆ, ಇನ್ನೊಂದು ಏಟಿಗೆ ಬಿಡುತ್ತದೆ. ಅಂಥದ್ದರಲ್ಲಿ ಪ್ಲಗ್ ಕಿತ್ತು ಬೆಳಗಿನವರೆಗೆ ಕುಳಿತರೂ ಬಾಗಿಲು ಬಿಡುವುದಿಲ್ಲ, ಕರೆಂಟು ಬರಲೇಬೇಕು. ಪಕ್ಕದ ಮನೆಯಲ್ಲಿ ಎರಡು ನಿಮಿಷಕ್ಕೆ ತೆರೆಯಿತು ಎಂದು ನೀವು ನಿಮ್ಮದನ್ನು ಗುದ್ದಬಾರದು ಎಂದು ಹೇಳಿದೆ.

ಇನ್ನೊಂದು. ಆ ಬೀಗದ ತಂತಿಗಳಲ್ಲಿ ಹರಿಯುವುದು ಮನೆಯ 230 ವೋಲ್ಟ್. ಪ್ಲಗ್ ಹಾಕಿಕೊಂಡು ಸಂದಿಯಲ್ಲಿ ಉಕ್ಕಿನ ಚಾಕು ಆಡಿಸಿದ ಒಬ್ಬರ ಕೈ ನೋಡಿದ್ದೇನೆ, ಬೆರಳ ತುದಿ ಕಪ್ಪಾಗಿತ್ತು. ಬದುಕಿಕೊಂಡರು.

ವಿದ್ಯಾನಗರದ ಸೊಸೆ, 7:41

ಹತ್ತು ನಿಮಿಷ ಬಿಟ್ಟು ಸ್ಪಿನ್ ಮಾತ್ರ ಹಾಕಿದೆ. ಅದೇ ಗುರ್, ಅದೇ ಕುಂಯ್. ಹೊರಗಿನ ಪೈಪಿನಿಂದ ಎರಡು ಚಮಚದಷ್ಟು ನೀರು ಬಂತು, ನಿಂತಿತು. ಪ್ಲಗ್ ಕಿತ್ತಿದ್ದೇನೆ. ಚಾಕುವಿನಿಂದ ಬೆರಳು ಕಪ್ಪಾದದ್ದನ್ನು ಜೋರಾಗಿ ಓದಿ ಹೇಳಿದೆ, ಯಜಮಾನರು ಹಾಲಿಗೆ ಹೋಗಿ ಕ್ರಿಕೆಟ್ ನೋಡುತ್ತಿದ್ದಾರೆ.

ಹೊಳಲ್ಕೆರೆಯಿಂದ, 7:44

ದಾರದಿಂದ ತೆಗೆಯುವ ಉಪಾಯವೊಂದಿದೆಯಲ್ಲ? ಗಟ್ಟಿ ನೈಲಾನ್ ದಾರವನ್ನು ಬಾಗಿಲಿನ ಸುತ್ತ ಸಂದಿಯಲ್ಲಿ ತೂರಿಸಿ ಎರಡೂ ತುದಿ ಹಿಡಿದು ಎಳೆದರೆ ಕೊಕ್ಕೆ ಸರಿದು ತೆರೆದುಕೊಳ್ಳುತ್ತದೆ. ನಮ್ಮ ಭಾವ ಹಾಗೇ ತೆಗೆದರು, ಕಣ್ಣಾರೆ ಕಂಡಿದ್ದೇನೆ.

ಪಾನಾ ಪಕ್ಕಡ್, 7:48

ತೆಗೆದಿರಬಹುದು. ಅವರ ಮೆಷಿನ್ನಿನ ಹಿಡಿ ಮುರಿದಿತ್ತೇ?

ಹೊಳಲ್ಕೆರೆಯಿಂದ, 7:50

ಹೌದು, ಹಿಡಿ ಸುಮ್ಮನೆ ಲೊಡಲೊಡ ಎನ್ನುತ್ತಿತ್ತು. ನಿಮಗೆ ಹೇಗೆ ಗೊತ್ತಾಯಿತು?

ಪಾನಾ ಪಕ್ಕಡ್, 7:54

ದಾರದ ಉಪಾಯ ನಡೆಯುವುದು ಅಲ್ಲಿ ಮಾತ್ರ. ಬೀಗ ಬಿಟ್ಟಿರುತ್ತದೆ, ಒಳಗೆ ನೀರಿರುವುದಿಲ್ಲ, ಆದರೆ ಹಿಡಿ ಮುರಿದು ಕೊಕ್ಕೆಯನ್ನು ಸರಿಸಲು ಆಗುತ್ತಿರುವುದಿಲ್ಲ. ಆಗ ಹಿಡಿಯ ಕೆಲಸವನ್ನು ದಾರ ಮಾಡುತ್ತದೆ. ಮೊಳೆ ಅಡ್ಡ ನಿಂತಿರುವಾಗ ದಾರ ಎಳೆದರೆ ದಾರ ಹರಿಯುತ್ತದೆ ಇಲ್ಲವೇ ಕೊಕ್ಕೆ ಮುರಿಯುತ್ತದೆ. ಇವರದು ನೀರಿನ ತೊಂದರೆ, ದಾರಕ್ಕೆ ಇಲ್ಲಿ ಕೆಲಸವಿಲ್ಲ.

ತಂಗೀ, ಈಗ ನೀರು ಇಳಿಸೋಣ. ಮೆಷಿನ್ನಿನ ಮುಂಭಾಗದಲ್ಲಿ ಕೆಳಗೆ, ಸಾಮಾನ್ಯವಾಗಿ ಬಲ ಮೂಲೆಯಲ್ಲಿ, ಒಂದು ಚಿಕ್ಕ ಮುಚ್ಚಳ ಇರುತ್ತದೆ. ಉಗುರಿನಿಂದಲೋ ನಾಣ್ಯದಿಂದಲೋ ತೆರೆಯುತ್ತದೆ. ಒಳಗೆ ದುಂಡನೆಯ ತಿರುಪು ಇರುವ ಫಿಲ್ಟರ್, ಪಕ್ಕದಲ್ಲಿ ಬೆರಳುದ್ದದ ಸಣ್ಣ ಪೈಪು ಇರಬಹುದು. ಕೆಲವು ಮಾದರಿಗಳಲ್ಲಿ ಅಲ್ಲೇ ಎಳೆಯಲು ಒಂದು ಪಟ್ಟಿಯೂ ಇರುತ್ತದೆ, ತುರ್ತಿನಲ್ಲಿ ಬಾಗಿಲು ಬಿಡಿಸಲು ಇಟ್ಟದ್ದು. ಇದ್ದರೂ ಅದನ್ನು ಈಗ ಮುಟ್ಟಬೇಡಿ, ನೀರು ಪೂರ್ತಿ ಇಳಿದ ಮೇಲೆ.

ಮೊದಲು ಒಂದು ಪ್ರಶ್ನೆ. ಬಿಸಿ ನೀರಿನಲ್ಲಿ ತೊಳೆಯಲು ಹಾಕಿದ್ದಿರಾ?

ವಿದ್ಯಾನಗರದ ಸೊಸೆ, 7:58

40 ಡಿಗ್ರಿ. ಪಂಚೆ ಬಿಳಿ ಎಂದು 60ಕ್ಕೆ ಇಡಬೇಕೆಂದಿದ್ದೆ, ಸೀರೆ ಬಣ್ಣ ಬಿಡುತ್ತದೆ ಎಂದು ಬಿಟ್ಟೆ.

ನಿವೃತ್ತ ಮೇಷ್ಟ್ರು, 8:00

ಒಳ್ಳೆಯದಾಯಿತು. 60ರ ನೀರು ಕೈ ಸುಡುತ್ತದೆ, 90ರದು ಬೊಬ್ಬೆ ಬರಿಸುತ್ತದೆ. ಗಾಜಿನ ಮೇಲೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಮುಂದುವರಿಯಿರಿ.

ಪಾನಾ ಪಕ್ಕಡ್, 8:03

ಐದು ಗಂಟೆ ಆಗಿದೆ, ತಣ್ಣಗಿರುತ್ತದೆ. ಸರಿ. ಬಕೆಟ್ಟು ಬೇಡ, ಅದು ಆ ಮುಚ್ಚಳದ ಕೆಳಗೆ ಹೋಗುವುದಿಲ್ಲ. ಹಿಟ್ಟು ಕಲಸುವ ಅಗಲ ಪರಾತ ತನ್ನಿ, ಹಳೆಯ ಟವೆಲ್ ನಾಲ್ಕು ಹಾಸಿ. ಸಣ್ಣ ಪೈಪು ಇದ್ದರೆ ಅದರ ಬಿರಡೆ ತೆಗೆದು ಪರಾತಕ್ಕೆ ಬಿಡಿ. ಇಲ್ಲದಿದ್ದರೆ ಹಿಂದಿನ ದಪ್ಪ ಪೈಪನ್ನು ಅದರ ಕೊಕ್ಕೆಯಿಂದ ಬಿಡಿಸಿ ಬಚ್ಚಲ ನೆಲಕ್ಕೆ ಇಳಿಸಿ ನೋಡಿ. ಡ್ರಮ್ಮಿಗಿಂತ ಕೆಳಗಿದ್ದರೆ ಪಂಪು ತಿರುಗದಿದ್ದರೂ ನೀರು ತಾನೇ ಇಳಿಯಬೇಕು. ಕಸ ಕಟ್ಟಿದ್ದರೆ ಇಳಿಯುವುದಿಲ್ಲ. ಕೊನೆಗೆ ಫಿಲ್ಟರ್. ಅದನ್ನು ಪೂರ್ತಿ ಬಿಚ್ಚಬೇಡಿ. ಕಾಲು ಸುತ್ತು ತಿರುಗಿಸಿ, ನೀರು ಬರಲಿ, ಪರಾತ ತುಂಬುತ್ತಿದ್ದಂತೆ ಬಿಗಿ ಮಾಡಿ, ಚೆಲ್ಲಿ ಬನ್ನಿ, ಮತ್ತೆ ಕಾಲು ಸುತ್ತು. ಬೇಸರವಾದರೂ ಹೀಗೇ ಮಾಡಬೇಕು. ಒಂದೇ ಸಲ ತೆಗೆದರೆ ಮನೆಯೆಲ್ಲ ಭದ್ರಾ ನಾಲೆ.

ವಿದ್ಯಾನಗರದ ಸೊಸೆ, 8:05

ಸಣ್ಣ ಪೈಪು ಇಲ್ಲ. ಮುಚ್ಚಳ ತೆರೆಯಿತು, ಫಿಲ್ಟರ್ ಕಾಣುತ್ತಿದೆ. ಪರಾತ ತರುತ್ತೇನೆ. ಹೋಗಿ ಬರುತ್ತೇನೆ.

ಮಂಡಕ್ಕಿ ಪ್ರಿಯ, 8:11

ಯುದ್ಧಕ್ಕೆ ಹೊರಟ ಹಾಗೆ ಹೇಳಿದರು.

ದುರ್ಗದ ಕಲ್ಲು, 8:14

ಅವರು ಬರುವವರೆಗೆ ನನ್ನದೊಂದು. ಚಿತ್ರದುರ್ಗದಲ್ಲಿ ನಮ್ಮ ಬಡಾವಣೆಗೆ ಬೋರ್‌ವೆಲ್ ನೀರೇ ಗತಿ. ಎಂಥ ಗಡಸು ಎಂದರೆ ಸೋಪು ನೊರೆ ಬರುವುದಕ್ಕೆ ಮುಂಚೆ ಮೊಸರಾಗುತ್ತದೆ. ಮೆಷಿನ್ ತಂದ ಮೂರನೆಯ ವರ್ಷಕ್ಕೆ ಬಾಗಿಲು ಹೀಗೇ ಹಿಡಿದುಕೊಂಡಿತು. ಒಳಗೆ ಒಂದು ಹನಿ ನೀರಿಲ್ಲ, ಬೀಗ ಬಿಡುವುದಿಲ್ಲ. ಬಂದವರು ಬಿಚ್ಚಿ ನೋಡಿದರೆ ಮೇಲೆ ಹೇಳಿದರಲ್ಲ, ಒತ್ತಡದ ಸ್ವಿಚ್ಚಿಗೆ ಹೋಗುವ ರಬ್ಬರ್ ನಳಿಕೆ, ಅದರ ಬುಡದಲ್ಲಿ ಸುಣ್ಣ ಮತ್ತು ಸೋಪಿನ ಮಡ್ಡಿ ಸೇರಿ ಮುದ್ದೆಯಾಗಿತ್ತು. ಗಾಳಿ ಒಳಗೆ ಸಿಕ್ಕಿಕೊಂಡು ಸ್ವಿಚ್ಚು ನೀರಿದೆ ಎಂದೇ ತಿಳಿದಿತ್ತು. ನಳಿಕೆ ತೊಳೆದು ಊದಿ ಹಾಕಿದರು, ಮುಗಿಯಿತು. ಈಗ ತಿಂಗಳಿಗೊಮ್ಮೆ ಬಟ್ಟೆ ಇಲ್ಲದೆ ಬಿಸಿ ನೀರಿನಲ್ಲಿ ಮಡ್ಡಿ ತೆಗೆಯುವ ಪುಡಿ ಹಾಕಿ ಓಡಿಸುತ್ತೇನೆ.

ಸಂದೇಹಿ, 8:17

ದಾವಣಗೆರೆಯವರಿಗೆ ಆ ಕಷ್ಟವಿಲ್ಲ ಬಿಡಿ, ತುಂಗಭದ್ರೆಯ ನೀರು.

ಹದಡಿ ರಸ್ತೆ, 8:18

ಬಂದಾಗ ತುಂಗಭದ್ರೆಯ ನೀರು. ಬಾರದ ದಿನ ನಮಗೂ ಬೋರ್‌ವೆಲ್ಲೇ.

ದುರ್ಗದ ಕಲ್ಲು, 8:21

ನಮಗೂ ನದಿ ಇಲ್ಲದಿದ್ದರೇನು, ವಾಣಿ ವಿಲಾಸ ಸಾಗರವಿದೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಅರ್ಧ ಜಿಲ್ಲೆ ಹಿರಿಯೂರಿನಲ್ಲಿತ್ತು. ನಾನೂ ಹೋಗಿದ್ದೆ, ಚಪ್ಪಲಿ ತೇಲಿ ಹೋಯಿತು.

ಸಂದೇಹಿ, 8:22

1997ರಲ್ಲಿ ಜಿಲ್ಲೆ ಬೇರೆಯಾಗದೆ ಇದ್ದಿದ್ದರೆ ಅದು ನಮ್ಮದೂ ಆಗಿರುತ್ತಿತ್ತು.

ದುರ್ಗದ ಕಲ್ಲು, 8:23

ಬೆಣ್ಣೆದೋಸೆ ನಮ್ಮದಾಗಿರುತ್ತಿತ್ತು. ಯಾರಿಗೆ ನಷ್ಟ ಹೇಳಿ.

ನಿವೃತ್ತ ಮೇಷ್ಟ್ರು, 8:25

ವಿಷಯಕ್ಕೆ ಬನ್ನಿ. ಹುಡುಗಿ ಅಲ್ಲಿ ಪರಾತ ಹೊತ್ತು ಓಡಾಡುತ್ತಿದ್ದಾಳೆ.

ಅಜ್ಜಿಯ ಮೊಮ್ಮಗ, 8:26

ನಮ್ಮ ಅಜ್ಜಿಗೆ ಇದನ್ನು ಓದಿ ಹೇಳಿದೆ. ಬಟ್ಟೆ ಒಗೆಯುವ ಕಲ್ಲಿಗೆ ಬಾಗಿಲು ಇರಲಿಲ್ಲವಲ್ಲ ಎಂದರು.

ವಿದ್ಯಾನಗರದ ಸೊಸೆ, 8:38

ಒಂಬತ್ತು ಪರಾತ! ಮೊದಲ ಆರು ಸರಿಯಾಗಿ ಬಂದವು. ಏಳನೆಯದಕ್ಕೆ ಹನಿ ಹನಿಯಾಗಿ ನಿಂತಿತು. ಇನ್ನೂ ಕಾಲು ಸುತ್ತು ಬಿಟ್ಟೆ, ಒಳಗಿನಿಂದ ಏನೋ ಲಟ್ ಎಂದು ಸರಿದ ಸದ್ದು, ನೀರು ಮತ್ತೆ ದಬದಬ ಬಂತು, ನನ್ನ ನೈಟಿ ಮೊಣಕಾಲವರೆಗೆ ಒದ್ದೆ. ಈಗ ನೀರು ನಿಂತಿದೆ. ಗಾಜಿನಲ್ಲಿ ನೋಡಿದರೆ ಬಟ್ಟೆ ಮುದ್ದೆ ಮಾತ್ರ ಕಾಣುತ್ತಿದೆ. ಫಿಲ್ಟರ್ ಪೂರ್ತಿ ತೆಗೆಯಬಹುದೇ?

ಪಾನಾ ಪಕ್ಕಡ್, 8:40

ತೆಗೆಯಿರಿ. ಸಿಕ್ಕಿದ್ದನ್ನೆಲ್ಲ ಇಲ್ಲಿ ಬರೆಯಿರಿ. ಇಷ್ಟು ವರ್ಷ ಆದರೂ ನನಗೆ ಈ ಭಾಗವೇ ಇಷ್ಟ.

ವಿದ್ಯಾನಗರದ ಸೊಸೆ, 8:49

ಒಂದು ರೂಪಾಯಿ ನಾಣ್ಯ ಎರಡು. ತಲೆಪಿನ್ನು ಒಂದು, ತುಕ್ಕು ಹಿಡಿದದ್ದು. ಮಗನ ಅಂಗಿಯ ಗುಂಡಿ. ಕೂದಲು, ದಾರ, ಬೂದು ಬಣ್ಣದ ಹತ್ತಿಯಂಥದ್ದು ಒಂದು ಹಿಡಿ. ಇವು ಗೊತ್ತಾಗುವಂಥವು.

ಉಳಿದದ್ದು ಏನೆಂದು ಮೊದಲು ತಿಳಿಯಲಿಲ್ಲ. ಕಪ್ಪು ಕಪ್ಪಾಗಿ, ಗಟ್ಟಿಯಾಗಿ, ಅಂಚು ಚೂಪಾದ ಚೂರುಗಳು, ಹದಿನಾಲ್ಕೋ ಹದಿನೈದೋ. ಫಿಲ್ಟರಿನ ಹಲ್ಲುಗಳ ನಡುವೆ ಕಚ್ಚಿಕೊಂಡಿದ್ದವು, ಎರಡನ್ನು ಊದುಬತ್ತಿ ಕಡ್ಡಿಯಿಂದ ಎಬ್ಬಿಸಬೇಕಾಯಿತು. ಕಲ್ಲಿರಬೇಕು ಅಂದುಕೊಂಡೆ. ನಲ್ಲಿ ಕೆಳಗೆ ತೊಳೆದೆ. ಒಳಗೆ ಬಿಳಿ ಗೆರೆ, ಕಂದು ಗೆರೆ.

ಅಡಿಕೆ.

ಮಂಡಕ್ಕಿ ಪ್ರಿಯ, 8:50

ಅಡಿಕೆ!

ಚನ್ನಗಿರಿ ತೋಟ, 8:52

ಈಗ ಇದು ನಮ್ಮ ವಿಷಯವಾಯಿತು. ಮಾವನವರು ಯಾವ ಕಡೆಯವರು?

ವಿದ್ಯಾನಗರದ ಸೊಸೆ, 8:55

ಚನ್ನಗಿರಿ ತಾಲ್ಲೂಕೇ. ಜುಬ್ಬಾದ ಪಕ್ಕದ ಜೇಬಿನಲ್ಲಿ ಯಾವಾಗಲೂ ಒಂದಿಷ್ಟು ಇರುತ್ತದೆ. ತೊಳೆಯಲು ಹಾಕುವ ಮೊದಲು ಎದೆಯ ಜೇಬು ನೋಡುತ್ತೇನೆ, ಪಕ್ಕದ ಜೇಬು ಉದ್ದ, ಕೈ ಅಷ್ಟು ಕೆಳಗೆ ಹೋಗುವುದಿಲ್ಲ. ಐದು ವರ್ಷದಿಂದ ಹೀಗೇ ಸೇರಿಕೊಂಡು ಬಂದಿರಬೇಕು.

ಪಾನಾ ಪಕ್ಕಡ್, 8:59

ಈ ಕಡೆಯ ಮೆಷಿನ್ನುಗಳಲ್ಲಿ ಅಡಿಕೆ ನನಗೆ ಹೊಸದಲ್ಲ. ಆದರೆ ಹದಿನೈದು ಚೂರು ದಾಖಲೆ. ಫಿಲ್ಟರ್ ತೆಗೆದ ರಂಧ್ರದೊಳಗೆ ಮೊಬೈಲ್ ಬೆಳಕು ಬಿಟ್ಟು ನೋಡಿ. ಹಿಂದೆ ಸಣ್ಣ ರೆಕ್ಕೆಗಳ ಚಕ್ರ ಕಾಣುತ್ತದೆ, ಅದೇ ಪಂಪಿನದು. ಪ್ಲಗ್ ಕಿತ್ತೇ ಇದೆ ತಾನೇ? ಇದ್ದರೆ ಕಡ್ಡಿಯಿಂದ ಮೆಲ್ಲಗೆ ತಿರುಗಿಸಿ. ತಡೆದು ತಡೆದು ತಿರುಗುವುದು ಸಹಜ, ಒಳಗೆ ಅಯಸ್ಕಾಂತ ಇರುತ್ತದೆ. ಒಂದೇ ಕಡೆ ಪೂರ್ತಿ ನಿಂತುಬಿಟ್ಟರೆ ಅಲ್ಲೊಂದು ಚೂರು ಇದೆ ಎಂದರ್ಥ.

ವಿದ್ಯಾನಗರದ ಸೊಸೆ, 9:06

ಪ್ಲಗ್ ಕಿತ್ತೇ ಇದೆ. ಒಂದು ಚೂರು ರೆಕ್ಕೆಗೂ ಗೋಡೆಗೂ ನಡುವೆ ಬೆಣೆ ಹೊಡೆದ ಹಾಗೆ ಕುಳಿತಿತ್ತು. ಬಂತು. ಹದಿನಾರು. ಈಗ ಚಕ್ರ ತಿರುಗುತ್ತಿದೆ. ಫಿಲ್ಟರ್ ತೊಳೆದು ಬಿಗಿ ಮಾಡಿದೆ.

ಪಾನಾ ಪಕ್ಕಡ್, 9:08

ಫಿಲ್ಟರಿನ ರಬ್ಬರ್ ಬಳೆ ಕೂತಿದೆಯೇ, ತಿರುಪು ಓರೆಯಾಗಿ ಹತ್ತಿಲ್ಲ ತಾನೇ ನೋಡಿ. ಆಮೇಲೆ ಕೈ ಒರೆಸಿಕೊಂಡು, ನೆಲ ಒರೆಸಿ, ಚಪ್ಪಲಿ ಹಾಕಿಕೊಂಡು ಪ್ಲಗ್ ಹಾಕಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಬೇಡ. ಸ್ಪಿನ್ ಮಾತ್ರ.

ಹದಡಿ ರಸ್ತೆ, 9:12

ಇದೂ ಆಗದಿದ್ದರೆ ಮೇಲಿನ ಹಲಗೆ ಬಿಚ್ಚುವುದೊಂದಿದೆ. ಹಿಂದಿನ ಎರಡು ಸ್ಕ್ರೂ ತೆಗೆದು ಹಲಗೆ ಹಿಂದಕ್ಕೆ ಸರಿಸಿ, ಮೆಷಿನ್ನನ್ನು ಹಿಂದಕ್ಕೆ ವಾಲಿಸಿದರೆ ಡ್ರಮ್ಮು ಹಿಂದೆ ಸರಿಯುತ್ತದೆ, ಮೇಲಿನಿಂದ ಕೈ ಬಿಟ್ಟು ಬೀಗದ ಮೊಳೆಯನ್ನು ಬೆರಳಿನಿಂದಲೇ ಸರಿಸಬಹುದು. ಇದು ನಿಜಕ್ಕೂ ನಡೆಯುತ್ತದೆ, ಎರಡನೆಯ ಸಲ ನಾನು ಹೀಗೇ ತೆಗೆದೆ.

ಪಾನಾ ಪಕ್ಕಡ್, 9:17

ನಡೆಯುತ್ತದೆ, ಒಪ್ಪುತ್ತೇನೆ, ನಾವೂ ಮಾಡುತ್ತೇವೆ. ಆದರೆ ಒಳಗೆ ಅಲುಗಾಟ ತಡೆಯಲು ಕಾಂಕ್ರೀಟಿನ ದಿಮ್ಮಿ ಇಟ್ಟಿರುತ್ತಾರೆ, ಇಡೀ ಮೆಷಿನ್ ಅರವತ್ತು ಕಿಲೋ ಮೇಲೆ. ಒಬ್ಬರೇ ವಾಲಿಸಲು ಹೋದರೆ ನಿಮ್ಮ ಮೇಲೇ ವಾಲುತ್ತದೆ. ತಗಡಿನ ಅಂಚು ಬ್ಲೇಡಿನಂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಬೋರ್ಡಿನ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಗ್ಯಾರಂಟಿ ಇನ್ನೂ ಇದ್ದರೆ ಅದೂ ಹೋಗುತ್ತದೆ. ಮತ್ತು ಎರಡನೆಯ ಸಲ ಎಂದಿರಿ. ನಿಮ್ಮ ಬಾಗಿಲು ಎಷ್ಟು ಸಲ ಸಿಕ್ಕಿಕೊಂಡಿದೆ ಸ್ವಾಮಿ?

ಹದಡಿ ರಸ್ತೆ, 9:19

ನಾಲ್ಕು.

ಪಾನಾ ಪಕ್ಕಡ್, 9:20

ನಾಲ್ಕರಲ್ಲಿ ಎಷ್ಟು ಸಲ ಫಿಲ್ಟರ್ ತೆಗೆದು ನೋಡಿದ್ದೀರಿ?

ಹದಡಿ ರಸ್ತೆ, 9:27

ಈಗ ನೋಡಿದೆ. ಅದು ಅಲ್ಲಿದೆ ಎಂದೇ ಗೊತ್ತಿರಲಿಲ್ಲ. ವಾಸನೆಯ ಬಗ್ಗೆ ಏನೂ ಬರೆಯುವುದಿಲ್ಲ.

ವಿದ್ಯಾನಗರದ ಸೊಸೆ, 9:31

ನೀರು ಹೋಗುತ್ತಿದೆ!! ಬಚ್ಚಲಲ್ಲಿ ಪೈಪು ಹಾವಿನ ಹಾಗೆ ಕುಣಿಯಿತು. ಸ್ಪಿನ್ ಶುರುವಾಗಿದೆ.

ಎರಡು ಮಕ್ಕಳ ತಾಯಿ, 9:32

ಅಕ್ಕಾ, ಮುಗಿದ ಮೇಲೆ ಟಿಕ್ ಬರುವವರೆಗೆ ಕಾಯಿರಿ!

ವಿದ್ಯಾನಗರದ ಸೊಸೆ, 9:47

ಟಿಕ್ ಬಂತು. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ನಾನು ಮುಟ್ಟಿದ್ದೇ ತಡ. ಯಜಮಾನರೂ ಬಂದು ನೋಡಿ “ನಾನು ಹೇಳಿರಲಿಲ್ಲವೇ” ಎಂದರು. ಏನು ಹೇಳಿದ್ದರೋ.

ಬಟ್ಟೆಯಲ್ಲಿ ಸೋಪು ಉಳಿದಿದೆ, ಇನ್ನೊಂದು ಸಲ ಜಾಲಿಸಲು ಹಾಕುತ್ತೇನೆ. ಪಂಚೆಯ ಅಂಚಿನಲ್ಲಿ ಒಂದು ಕಡೆ ಕಂದು ಕಲೆ ಇದೆ, ಅಡಿಕೆಯದೇ ಇರಬೇಕು. ಏನಾದರೂ ಉಪಾಯ?

ಚನ್ನಗಿರಿ ತೋಟ, 9:52

ಅಡಿಕೆ ಬೇಯಿಸಿದ ಚೊಗರು ಕಲೆ ನಮ್ಮ ಕೈಗೇ ತಿಂಗಳುಗಟ್ಟಲೆ ಹೋಗುವುದಿಲ್ಲ. ಹೊಸ ಕಲೆಯಾದರೆ ನಿಂಬೆ ಉಜ್ಜಿ ನೋಡಿ. ಹೋಗದಿದ್ದರೆ ಆ ಅಂಚು ಒಳಗೆ ಬರುವಂತೆ ಉಡಿಸಿ.

ಎರಡು ಮಕ್ಕಳ ತಾಯಿ, 9:55

ಇನ್ನು ಮೇಲೆ ಬಾಗಿಲು ಮುಚ್ಚಿಡಬೇಡಿ ಅಕ್ಕಾ, ಸ್ವಲ್ಪ ತೆರೆದೇ ಇಡಿ. ರಬ್ಬರ್ ಸುತ್ತಿನ ಮಡಿಕೆಯಲ್ಲಿ ನೀರು ನಿಂತು ಬೂಸ್ಟು ಹಿಡಿಯುತ್ತದೆ. ಹಾಗೆ ಅಂಟಿಕೊಂಡ ರಬ್ಬರಿನಿಂದಲೂ ಬಾಗಿಲು ಬಿಗಿಯಾಗುತ್ತದೆ.

ಸಂದೇಹಿ, 9:58

ಚಿಕ್ಕ ಮಕ್ಕಳ ಮನೆಯಲ್ಲಿ ತೆರೆದಿಡಬೇಡಿ. ಮಕ್ಕಳು ಆಟಕ್ಕೆ ಒಳಗೆ ಹೊಕ್ಕು ಪ್ರಾಣ ಕಳೆದುಕೊಂಡಿರುವುದು ಎಷ್ಟೋ ಕಡೆ ಆಗಿದೆ. ನಿಮ್ಮ ಹೆಸರೇ ಎರಡು ಮಕ್ಕಳ ತಾಯಿ, ನೀವೇ ಹೀಗೆ ಹೇಳಿದರೆ ಹೇಗೆ?

ಎರಡು ಮಕ್ಕಳ ತಾಯಿ, 10:02

ನನ್ನ ಮಕ್ಕಳು ಒಂಬತ್ತು ಮತ್ತು ಹನ್ನೆರಡು, ಡ್ರಮ್ಮಿನಲ್ಲಿ ಹಿಡಿಸುವುದಿಲ್ಲ. ಆದರೆ ನೀವು ಹೇಳಿದ್ದು ಸರಿ. ತಂಗಿಯ ಮಗು ಬಂದಾಗ ನಾನೂ ರಬ್ಬರ್ ಒರೆಸಿ ಮುಚ್ಚಿಯೇ ಇಡುತ್ತೇನೆ. ಮೆಷಿನ್ ಬಚ್ಚಲಲ್ಲಿದ್ದರೆ ಬಚ್ಚಲಿಗೆ ಮೇಲಿನ ಚಿಲಕ ಹಾಕಿಕೊಂಡು ಮೆಷಿನ್ ತೆರೆದಿಡಬಹುದು.

ಪಾನಾ ಪಕ್ಕಡ್, 10:08

ಅದೇ ಸರಿ. ತಂಗೀ, ಎರಡು ತಿಂಗಳಿಗೊಮ್ಮೆ ಫಿಲ್ಟರ್ ತೆಗೆಯಿರಿ, ನಿಮ್ಮ ಮನೆಗೆ ಮಾತ್ರ ತಿಂಗಳಿಗೊಮ್ಮೆ. ಬಕೆಟ್ಟಿಗೆ ಹಾಕುವ ನೊರೆಯ ಪುಡಿ ಬೇಡ, ಫ್ರಂಟ್ ಲೋಡಿನದೇ ಹಾಕಿ. ನೊರೆ ಹೆಚ್ಚಾದರೂ ಪಂಪು ಗಾಳಿ ಕುಡಿದು ನಿಲ್ಲುತ್ತದೆ, ಬಾಗಿಲು ಮತ್ತೆ ಇದೇ ಕಥೆ. ನಾಡಿದ್ದು ಬರುವ ಗ್ರಾಹಕ ಸೇವೆಯವರಿಗೆ ಬೇಡ ಎಂದು ಹೇಳಿಬಿಡಿ, ಬಂದು ನೋಡಿದ್ದಕ್ಕೂ ದುಡ್ಡು.

ಮಂಡಕ್ಕಿ ಪ್ರಿಯ, 10:10

ಮುಖ್ಯ ವಿಷಯ ಯಾರೂ ಕೇಳಲಿಲ್ಲ. ಮಾವನವರಿಗೆ ಹೇಳಿದಿರಾ?

ವಿದ್ಯಾನಗರದ ಸೊಸೆ, 10:21

ಹೇಳಲು ಧೈರ್ಯವಾಗಲಿಲ್ಲ. ಹದಿನಾರು ಚೂರನ್ನೂ ಸ್ಟೀಲ್ ತಟ್ಟೆಯಲ್ಲಿ ಹಾಕಿ ಅವರ ಎದುರಿನ ಟೀಪಾಯಿ ಮೇಲೆ ಸುಮ್ಮನೆ ಇಟ್ಟು ಬಂದೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಹೊರಳಿಸಿ ನೋಡಿದರು. “ರಾಶಿ ಅಡಿಕೆ ಅಲ್ಲವೇನಮ್ಮಾ, ಇಷ್ಟು ನೀರು ಕುಡಿದರೂ ಒಂದೂ ಪಿಸುಕಿಲ್ಲ ನೋಡು” ಎಂದರು. ಈಗ ಯಜಮಾನರನ್ನು ಕರೆದು, ಹೋದ ವರ್ಷ ಮಂಡಿಯವನು ಇದನ್ನೇ ಎರಡನೆಯ ದರ್ಜೆ ಎಂದು ಇಳಿಸಿದ್ದ ಕಥೆ ಹೇಳುತ್ತಿದ್ದಾರೆ.

ಚನ್ನಗಿರಿ ತೋಟ, 10:23

ಹಿರಿಯರು ಹೇಳಿದ್ದು ಸರಿ. ಒಳ್ಳೆಯ ಮಾಲು.

ಅಜ್ಜಿಯ ಮೊಮ್ಮಗ, 10:30

ಕ್ಷಮಿಸಿ, ಇಲ್ಲೇ ಕೇಳುತ್ತೇನೆ. ನಮ್ಮದು ಟಾಪ್ ಲೋಡ್, ಮುಚ್ಚಳ ತೆರೆಯುತ್ತದೆ, ಆದರೆ ಮುಚ್ಚಿದರೂ ತೆರೆದಿದೆ ಎಂದೇ ಕೂಗುತ್ತದೆ. ಪಾನಾ ಪಕ್ಕಡ್ ಅಣ್ಣ, ಇದ್ದೀರಾ?